ಒಳಾಂಗಣ ವಿನ್ಯಾಸಕರು ಬಣ್ಣದ ಮಾತನ್ನೇ ಎತ್ತುತ್ತಿಲ್ಲ: ಇದು ಸರಿಯಾದ ಕ್ರಮವೇ?

ಪ್ರಶ್ನೆ
ಬರೆದವರು: ಬಿಳಿಗೋಡೆ

ನಾವು ನಾಲ್ವರಿರುವ ಮನೆ. ಹಜಾರ, ಎರಡು ಮಲಗುವ ಕೋಣೆಗಳು ಮತ್ತು ಅಡುಗೆಮನೆಯನ್ನು ಹೊಸದಾಗಿ ಅಣಿಗೊಳಿಸಲು ಒಳಾಂಗಣ ವಿನ್ಯಾಸಕರೊಬ್ಬರಿಗೆ ಕೆಲಸ ಒಪ್ಪಿಸಿದ್ದೇವೆ. ಮೊದಲ ಭೇಟಿಗೆ ಅವರು ಬಣ್ಣದ ಪಟ್ಟಿಯನ್ನಾಗಲಿ ಪರದೆ ಬಟ್ಟೆಯ ಮಾದರಿಗಳನ್ನಾಗಲಿ ತಂದಿರಲಿಲ್ಲ. ಬದಲಿಗೆ, ಬೆಳಗ್ಗೆ ಮೊದಲು ಏಳುವವರು ಯಾರು, ಓದುವವರು ಎಲ್ಲಿ ಕುಳಿತು ಓದುತ್ತಾರೆ, ಹೊರಗಿನಿಂದ ಬಂದೊಡನೆ ಚೀಲವನ್ನೂ ಬೀಗದ ಕೈಯನ್ನೂ ಎಲ್ಲಿ ಇಡುತ್ತೀರಿ, ಎಡಗೈ ಬಳಸುವವರಿದ್ದಾರೆಯೇ ಎಂದೆಲ್ಲ ಕೇಳಿ ಬರೆದುಕೊಂಡರು. ಕಪಾಟುಗಳನ್ನು ತೆರೆಸಿ ಒಳಗಿನ ವಸ್ತುಗಳ ಅಳತೆಯನ್ನೂ ತೆಗೆದುಕೊಂಡರು. ನಾವು ಬಹಳ ದಿನಗಳಿಂದ ಕೂಡಿಟ್ಟಿದ್ದ ಚಿತ್ರಗಳನ್ನು ತೋರಿಸಿದಾಗ, ಇದರಲ್ಲಿ ನಿಮಗೆ ಹಿಡಿಸಿದ್ದು ಏನು ಎಂದು ಒಂದೊಂದಕ್ಕೂ ಕೇಳಿದರು. ಹಲವು ಚಿತ್ರಗಳ ವಿಷಯದಲ್ಲಿ ನಮಗೆ ಸ್ಪಷ್ಟವಾಗಿ ಉತ್ತರಿಸಲಾಗಲಿಲ್ಲ.

ಎರಡನೆಯ ಭೇಟಿಯಲ್ಲಿ ಅವರು ತಂದದ್ದು ಕಪ್ಪು ಬಿಳುಪಿನ ಒಂದು ನಕ್ಷೆ. ಪೀಠೋಪಕರಣಗಳ ಸ್ಥಾನ, ಓಡಾಡುವ ದಾರಿ, ಸ್ವಿಚ್ಚು ಮತ್ತು ಪ್ಲಗ್ಗುಗಳ ಜಾಗ ಇವಿಷ್ಟೇ ಅದರಲ್ಲಿದ್ದವು. ಎಲ್ಲವನ್ನೂ ನಮ್ಮ ಅಳತೆಗೆ ಮಾಡಿಸಬೇಕೆಂಬ ಆಸೆಗೂ ಅವರು ಪೂರ್ತಿ ಒಪ್ಪಿಲ್ಲ. ಕೆಲವನ್ನು ಮಾತ್ರ ಮಾಡಿಸಿ, ಉಳಿದದ್ದನ್ನು ಸಿದ್ಧವಾಗಿಯೇ ಕೊಳ್ಳಿ ಎನ್ನುತ್ತಾರೆ.

ಅವರ ಶ್ರದ್ಧೆಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ಅಲಂಕಾರದ ಮಾತೇ ಬಾರದೆ ಇಷ್ಟು ದೂರ ಸಾಗುವುದು ವಾಡಿಕೆಯೇ? ಯಾವುದನ್ನು ಅಳತೆಗೆ ಮಾಡಿಸುವುದು ನಿಜಕ್ಕೂ ಸಾರ್ಥಕ? ಬಲ್ಲವರು ತಿಳಿಸಿದರೆ ಮುಂದಿನ ಭೇಟಿಗೆ ಸಿದ್ಧರಾಗಿ ಕೂರಬಹುದು.


ಉತ್ತರ
ಬರೆದವರು: ಅಳತೆಪಟ್ಟಿ

ನಾನು ವಾಸದ ಮನೆಗಳ ಒಳಾಂಗಣವನ್ನೇ ವೃತ್ತಿಯಾಗಿಸಿಕೊಂಡವಳು. ನಿಮ್ಮ ವಿನ್ಯಾಸಕರು ಹಿಡಿದಿರುವ ಕ್ರಮ ಸರಿಯಾಗಿದೆ, ಮತ್ತು ಅದಕ್ಕೆ ಗಟ್ಟಿಯಾದ ಕಾರಣವಿದೆ. ಕೋಣೆಯಲ್ಲಿ ಯಾವುದನ್ನು ಮುಂದೆ ಬದಲಿಸುವುದು ಅತ್ಯಂತ ಕಷ್ಟವೋ ಅದನ್ನು ಮೊದಲು ತೀರ್ಮಾನಿಸಬೇಕು. ಗೋಡೆಯೊಳಗಿನ ತಂತಿ, ನೀರಿನ ಕೊಳವೆ, ಬಾಗಿಲು ತೆರೆದುಕೊಳ್ಳುವ ದಿಕ್ಕು, ಗೋಡೆಗೆ ಕೂರಿಸಿದ ಕಪಾಟು ಇವೆಲ್ಲ ಆ ಬಗೆಯವು. ಗೋಡೆಯ ಬಣ್ಣವನ್ನು ಎರಡು ದಿನಗಳಲ್ಲಿ ಬದಲಿಸಬಹುದು, ಪರದೆಯನ್ನು ಒಂದು ಗಂಟೆಯಲ್ಲಿ. ಮಂಚದ ತಲೆಯ ಬಳಿ ಇಲ್ಲದ ಪ್ಲಗ್ಗನ್ನು ತರಿಸಬೇಕಾದರೆ ಮಾತ್ರ ಬಣ್ಣ ಬಳಿದ ಗೋಡೆಯನ್ನು ಮತ್ತೆ ಕೊರೆಯಬೇಕಾಗುತ್ತದೆ.

ಅವರು ಕೇಳಿದ ಪ್ರಶ್ನೆಗಳು ಸಣ್ಣವೆನಿಸಬಹುದು. ಆದರೆ ಮನೆಯವರನ್ನು ನಿಮಗೆ ಏನು ಬೇಕು ಎಂದು ನೇರವಾಗಿ ಕೇಳಿದರೆ, ಅವರು ಹೇಗೆ ಬದುಕಬೇಕೆಂದುಕೊಂಡಿದ್ದಾರೋ ಅದನ್ನು ಹೇಳುತ್ತಾರೆ. ಹೇಗೆ ಬದುಕುತ್ತಿದ್ದಾರೆ ಎಂಬುದು ಗೊತ್ತಾಗುವುದು ವಸ್ತುಗಳು ಬಿದ್ದಿರುವ ಜಾಗಗಳನ್ನು ನೋಡಿದಾಗ. ಬಹುತೇಕ ಮನೆಗಳ ಮಲಗುವ ಕೋಣೆಯಲ್ಲಿ ಬಟ್ಟೆ ಪೇರಿಸಿಕೊಂಡ ಒಂದು ಕುರ್ಚಿ ಇರುತ್ತದೆ. ಅದು ಮನೆಯವರ ಅಶಿಸ್ತಲ್ಲ. ಒಮ್ಮೆ ತೊಟ್ಟ, ಒಗೆಯಲು ಹಾಕುವಷ್ಟು ಕೊಳೆಯಾಗದ, ಮಡಿಸಿದ ಬಟ್ಟೆಗಳ ನಡುವೆ ಇಡಲೂ ಮನಸ್ಸಾಗದ ಉಡುಪಿಗೆ ಆ ಕೋಣೆಯಲ್ಲಿ ನೆಲೆಯೇ ಇಲ್ಲ ಎಂಬುದರ ಗುರುತು. ಕಪಾಟಿನ ಬದಿಯಲ್ಲಿ 40 ಸೆಂಟಿಮೀಟರ್ ಅಗಲದ ತೆರೆದ ಭಾಗವನ್ನು ಬಿಟ್ಟು ನಾಲ್ಕು ಕೊಕ್ಕೆಗಳನ್ನು ಹಾಕಿಸಿದರೆ ಕುರ್ಚಿ ಮತ್ತೆ ಕೂರಲು ಸಿಗುತ್ತದೆ. ವೈಯಕ್ತಿಕ ವಿನ್ಯಾಸ ಎಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಇಂಥದ್ದು.

ದಾರಿಗಳ ವಿಷಯ. ಮುಖ್ಯ ಓಡಾಟಕ್ಕೆ 90 ಸೆಂಟಿಮೀಟರ್, ಸೋಫಾ ಮತ್ತು ಅದರ ಮುಂದಿನ ಕಿರುಮೇಜಿನ ನಡುವೆ 40ರಿಂದ 45, ಊಟದ ಮೇಜಿನ ಅಂಚಿನಿಂದ ಹಿಂದಿನ ಗೋಡೆಗೆ ಕನಿಷ್ಠ 90, ಮಂಚದ ಪಕ್ಕದಲ್ಲಿ 60ಕ್ಕೆ ಕಡಿಮೆಯಿಲ್ಲದಂತೆ ಜಾಗವಿರಬೇಕು ಎಂಬುದು ನಾವೆಲ್ಲ ಪಾಲಿಸುವ ಲೆಕ್ಕ. ನಕ್ಷೆಯ ಮೇಲೆ ಈ ಅಂಕಿಗಳು ಯಾರಿಗೂ ಏನನ್ನೂ ಹೇಳುವುದಿಲ್ಲ. ಆದ್ದರಿಂದ ನೆಲದ ಮೇಲೆ ಕಾಗದದ ಟೇಪಿನಿಂದ ಪ್ರತಿಯೊಂದು ವಸ್ತುವಿನ ಗಾತ್ರವನ್ನು ಗುರುತಿಸಿ, ಕೆಲವು ದಿನ ಅದರ ನಡುವೆಯೇ ಓಡಾಡಿ ನೋಡಿ. ದೊಡ್ಡ ಸೋಫಾ ಬೇಕೇಬೇಕೆಂದವರು ಎಷ್ಟೋ ಸಲ ಈ ಹಂತದಲ್ಲಿ ತಾವಾಗಿಯೇ ಮನಸ್ಸು ಬದಲಿಸುತ್ತಾರೆ.

ಮನೆಯೊಳಗಿನ ನಡಿಗೆಯನ್ನು ಅಳೆದು ವಿನ್ಯಾಸ ಮಾಡುವ ಪದ್ಧತಿ ಹೊಸತೇನಲ್ಲ. 1926ರಲ್ಲಿ ಮಾರ್ಗರೆಟ್ ಶ್ಯೂಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಅಡುಗೆಮನೆಯನ್ನು ರೂಪಿಸಿದಾಗ, ಕೆಲಸದ ಚಲನೆಗಳನ್ನೂ ಅವುಗಳಿಗೆ ಹಿಡಿಯುವ ಸಮಯವನ್ನೂ ಆಧಾರವಾಗಿಟ್ಟುಕೊಂಡು, ಸುಮಾರು 1.9 ಮೀಟರ್‌ಗೆ 3.4 ಮೀಟರ್ ಅಳತೆಯ ಜಾಗದಲ್ಲಿ ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿದ್ದರು. ನಂತರ ಬಂದ ತ್ರಿಕೋನದ ನಿಯಮವೂ ಅದೇ ಚಿಂತನೆಯದು: ಒಲೆ, ತೊಟ್ಟಿ ಮತ್ತು ಫ್ರಿಜ್‌ಗಳನ್ನು ಸೇರಿಸುವ ಮೂರು ಗೆರೆಗಳ ಒಟ್ಟು ಉದ್ದ 4ರಿಂದ 8 ಮೀಟರ್ ಒಳಗಿರಬೇಕು ಎನ್ನುತ್ತದೆ. ಎರಡೂ ಒಬ್ಬರೇ ಅಡುಗೆ ಮಾಡುವರೆಂದು ಭಾವಿಸಿದವು ಎಂಬುದನ್ನು ಮರೆಯಬಾರದು. ನಿಮ್ಮಲ್ಲಿ ಇಬ್ಬರು ಒಟ್ಟಿಗೆ ಅಡುಗೆಗೆ ನಿಲ್ಲುವುದಾದರೆ ತ್ರಿಕೋನವನ್ನು ಬದಿಗಿಟ್ಟು, ಹೆಚ್ಚುವ ಜಾಗ ಮತ್ತು ತೊಳೆಯುವ ಜಾಗಗಳನ್ನು ಬೇರೆಬೇರೆಯಾಗಿಸುವಂತೆ ಕೇಳಿ. ಆ ಸಂಗತಿಯನ್ನು ವಿನ್ಯಾಸಕರಿಗೆ ಹೇಳಿದ್ದೀರಾ?

ಚಿತ್ರಗಳ ಬಗ್ಗೆ ಒಂದು ಮಾತು. ಕೋಣೆಯ ಚಿತ್ರ ಹಿಡಿಸಿದಾಗ ಬಹಳ ಸಲ ಹಿಡಿಸಿರುವುದು ಅಲ್ಲಿನ ಪೀಠೋಪಕರಣವಲ್ಲ, ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಕು ಅಥವಾ ವಸ್ತುಗಳ ಸುತ್ತ ಉಳಿದಿರುವ ಖಾಲಿ ಜಾಗ. ಅಗಲ ಕೋನದ ಮಸೂರದಲ್ಲಿ ತೆಗೆದ ಚಿತ್ರದಲ್ಲಿ ಕೋಣೆ ಇದ್ದುದಕ್ಕಿಂತ ವಿಶಾಲವಾಗಿಯೂ ಕಾಣುತ್ತದೆ. ಅದಕ್ಕಾಗಿಯೇ ಅವರು ಒಂದೊಂದನ್ನೂ ಬಿಡಿಸಿ ಕೇಳಿದ್ದು.


ಉತ್ತರ
ಬರೆದವರು: ಉಳಿ ಮತ್ತು ಗರಗಸ

ನಾನು ವಿನ್ಯಾಸಕರ ನಕ್ಷೆಗಳನ್ನು ಹಿಡಿದು ಮರದ ಕೆಲಸ ಮಾಡುವವನು. ಯಾವುದನ್ನು ಮಾಡಿಸಬೇಕೆಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಗೋಡೆಗೆ ಸೇರಿಕೊಳ್ಳುವುದನ್ನೂ ನಿಮ್ಮ ದೇಹದ ಅಳತೆ ಮುಖ್ಯವಾಗುವುದನ್ನೂ ಮಾಡಿಸಿ, ಕುಳಿತು ನೋಡಿ, ಒರಗಿ ನೋಡಿ ಆರಿಸಬೇಕಾದ ಸೋಫಾ ಮತ್ತು ಕುರ್ಚಿಗಳನ್ನು ಸಿದ್ಧವಾಗಿ ಕೊಳ್ಳಿ. ಮಂಚವನ್ನು ಮಾಡಿಸುವುದಾದರೂ ಅದು ಸಿದ್ಧ ಹಾಸಿಗೆಯ ಅಳತೆಗೆ ಹೊಂದಲಿ. ಇಲ್ಲವಾದರೆ ಹಾಸಿಗೆಯನ್ನೂ ಹೊದಿಕೆಯನ್ನೂ ಪ್ರತಿ ಸಲ ಹೇಳಿ ಮಾಡಿಸಬೇಕಾಗುತ್ತದೆ.

ಅಡುಗೆಕಟ್ಟೆಯ ಎತ್ತರಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಸಾಮಾನ್ಯವಾಗಿ ಅದನ್ನು 85ರಿಂದ 90 ಸೆಂಟಿಮೀಟರ್‌ಗೆ ಕಟ್ಟಿಬಿಡುತ್ತಾರೆ. ನಿಂತು ಕೈ ಮಡಿಸಿದಾಗ ಮೊಣಕೈ ಎಲ್ಲಿರುತ್ತದೋ ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗಿದ್ದರೆ ಭುಜವೂ ಸೊಂಟವೂ ನೋಯುವುದಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ಯಾರೋ ಅವರ ಮೊಣಕೈಯನ್ನು ಅಳೆದು ಕಟ್ಟೆಯನ್ನು ನಿರ್ಧರಿಸಬೇಕು. ತೊಟ್ಟಿಯ ತಳ ಕಟ್ಟೆಗಿಂತ ಕೆಳಗಿರುವುದರಿಂದ ಆ ಭಾಗ ತುಸು ಎತ್ತರವಿದ್ದರೆ ಇನ್ನೂ ಒಳ್ಳೆಯದು. ಕಟ್ಟೆಯ ಕೆಳಗೆ ಬಾಗಿಲಿನ ಗೂಡುಗಳಿಗಿಂತ ಪೂರ್ತಿ ಹೊರಬರುವ ಡ್ರಾಯರುಗಳು ಮೇಲು. ಮಂಡಿಯೂರಿ ಹಿಂದಿನ ಪಾತ್ರೆಯನ್ನು ತಡಕಾಡುವ ಕಷ್ಟವಿರುವುದಿಲ್ಲ.

ಬಟ್ಟೆಯ ಕಪಾಟಿನ ಆಳ 60 ಸೆಂಟಿಮೀಟರ್ ಇರುವುದು ಹ್ಯಾಂಗರಿಗೆ ಹಾಕಿದ ಬಟ್ಟೆ ಬಾಗಿಲಿಗೆ ತಾಗಬಾರದೆಂದು. ಜಾರುವ ಬಾಗಿಲು ಹಾಕಿಸುವುದಾದರೆ ಅದರ ಹಳಿಗೆ ಇನ್ನಷ್ಟು ಆಳ ಬೇಕು. ಪುಸ್ತಕದ ಕಪಾಟಿಗೆ 25ರಿಂದ 30 ಸೆಂಟಿಮೀಟರ್ ಆಳ ಧಾರಾಳ. 18 ಮಿಲಿಮೀಟರ್ ದಪ್ಪದ ಹಲಗೆಯನ್ನು ನಡುವೆ ಆಧಾರವಿಲ್ಲದೆ 80 ಸೆಂಟಿಮೀಟರ್ ಮೀರಿ ಚಾಚಿದರೆ ಪುಸ್ತಕದ ಭಾರಕ್ಕೆ ಕಾಲಕ್ರಮೇಣ ಬಾಗುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯಾದರೆ ಪ್ಲೈವುಡ್‌ಗಿಂತ ಬೇಗ. ಅಂಥ ಹಲಗೆಯ ಅಂಚಿಗೆ ಪಟ್ಟಿ ಅಂಟಿಸದೆ ಬಿಟ್ಟರೆ ತೇವ ಹೀರಿ ಉಬ್ಬುತ್ತದೆ, ಮತ್ತು ಉಬ್ಬಿದ್ದು ಮೊದಲಿನಂತಾಗುವುದಿಲ್ಲ. ತೊಟ್ಟಿಯ ಕೆಳಗೆ ಅದನ್ನು ಬಳಸಲೇಬೇಡಿ.

ಯಾವ ಗೋಡೆಯೂ ಪೂರ್ತಿ ನೆಟ್ಟಗಿರುವುದಿಲ್ಲ. ಮೂಲೆಯಿಂದ ಮೂಲೆಗೆ ಕೂರುವ ಕಪಾಟಿಗೆ ಬದಿಯಲ್ಲಿ ತುಂಬುಪಟ್ಟಿಗೆ ಒಂದೆರಡು ಅಂಗುಲ ಬಿಟ್ಟಿದ್ದಾರೆಯೇ ಎಂದು ನಕ್ಷೆಯಲ್ಲಿ ನೋಡಿ. ಹೊರಗಿನ ಅಂದದ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಕಪಾಟಿನ ಒಳಭಾಗದ ಅಳತೆಗಳನ್ನು ಬರೆದ ನಕ್ಷೆ ಕೈಗೆ ಬರುವವರೆಗೆ ಕೆಲಸ ಆರಂಭಿಸಲು ಒಪ್ಪಿಗೆ ಕೊಡಬೇಡಿ.


ಮರುಪ್ರಶ್ನೆ
ಬರೆದವರು: ಬಿಳಿಗೋಡೆ

ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ಇಬ್ಬರು ಒಟ್ಟಿಗೆ ಅಡುಗೆ ಮಾಡುತ್ತೇವೆ, ಅದನ್ನು ಅವರಿಗೆ ತಿಳಿಸಿರಲಿಲ್ಲ. ಬಣ್ಣದ ಬಗ್ಗೆ ಇನ್ನೊಂದು ಸಂದೇಹ. ಹಜಾರಕ್ಕೆ ತಿಳಿ ಬೂದುಬಣ್ಣವೊಂದನ್ನು ಕಾಗದದ ಪಟ್ಟಿಯಲ್ಲಿ ನೋಡಿ ಮೆಚ್ಚಿದ್ದೆವು. ಗೋಡೆಯ ಮೇಲೆ ಸ್ವಲ್ಪ ಬಳಿದು ನೋಡಿದರೆ ನೀಲಿಯಾಗಿ ಕಾಣುತ್ತಿದೆ. ಅಲ್ಲಿ ನೆಲಕ್ಕೆ ಕೆಂಗಂದು ಬಣ್ಣದ ಮರದ ಹಾಸು ಇದೆ. ಮಗನಿಗೆ ತನ್ನ ಚಿಕ್ಕ ಕೋಣೆಗೆ ಕಡು ಹಸಿರು ಬೇಕಂತೆ. ಕೋಣೆ ಇನ್ನೂ ಇಕ್ಕಟ್ಟಾಗಿ ಕಾಣುವುದೇ?


ಉತ್ತರ
ಬರೆದವರು: ಕಿಟಕಿಬೆಳಕು

ಬೂದುಬಣ್ಣ ನೀಲಿಯಾಗಿ ಕಾಣುವುದಕ್ಕೆ ನಿಮ್ಮ ನೆಲವೇ ಬಹುಮಟ್ಟಿಗೆ ಕಾರಣವಿರಬಹುದು. ಪ್ಯಾರಿಸ್ಸಿನ ಗೊಬ್ಲೆ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್, ಕಪ್ಪು ದಾರ ಮಂಕಾಗಿದೆಯೆಂಬ ದೂರಿನ ಬೆನ್ನುಹತ್ತಿ, ದೋಷ ದಾರದ ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದಲ್ಲಿದೆ ಎಂದು ಕಂಡುಕೊಂಡರು. 1839ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ಪಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ಬಣ್ಣದತ್ತ ತಳ್ಳುತ್ತವೆ. ಕಿತ್ತಳೆಯ ಛಾಯೆಯ ಮರದ ಪಕ್ಕದಲ್ಲಿ ಬೂದು ನೀಲಿಯತ್ತ ವಾಲುವುದು ಹಾಗಾಗಿಯೇ. ಕಿಟಕಿ ನೇರ ಬಿಸಿಲು ಬೀಳದ ದಿಕ್ಕಿಗಿದ್ದು, ಕೋಣೆಗೆ ಬರುವುದು ಬರೀ ಆಕಾಶದ ಬೆಳಕಾಗಿದ್ದರೆ ಆ ನೀಲಿ ಇನ್ನೂ ಗಾಢವಾಗುತ್ತದೆ. ಸ್ವಲ್ಪ ಹಳದಿ ಅಥವಾ ಕಂದು ಬೆರೆತ ಬೂದುಬಣ್ಣವನ್ನು ನೋಡಿ.

ಮಾದರಿಯನ್ನು ಗೋಡೆಯ ಮೇಲೆಯೇ ಬಳಿದರೆ ಹಳೆಯ ಬಣ್ಣ ಸುತ್ತಲೂ ಇದ್ದು ಕಣ್ಣನ್ನು ತಪ್ಪಿಸುತ್ತದೆ. ದೊಡ್ಡ ರಟ್ಟಿಗೆ ಎರಡು ಸಲ ಬಳಿದು, ಅಂಚಿನಲ್ಲಿ ಬಿಳಿ ಬಿಟ್ಟು, ಅದನ್ನು ಪ್ರತಿ ಗೋಡೆಗೂ ಒರಗಿಸಿ ಬೆಳಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ದೀಪದಲ್ಲಿ ನೋಡಬೇಕು. ದೀಪವೂ ಮುಂದೆ ಹಾಕಿಸುವ ದೀಪವೇ ಆಗಿರಲಿ. 2700 ಕೆಲ್ವಿನ್‌ನ ಬೆಚ್ಚನೆಯ ಬೆಳಕಿನಲ್ಲಿ ಹಿಡಿಸಿದ ಬಣ್ಣ 6500 ಕೆಲ್ವಿನ್‌ನ ನೀಲಿ ಬೆಳಕಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ವಾಸದ ಕೋಣೆಗಳಿಗೆ 2700ರಿಂದ 3000 ಕೆಲ್ವಿನ್ ಹಿತವೆಂಬುದು ನನ್ನ ಅಭಿಪ್ರಾಯ. ಕೊಳ್ಳುವಾಗ ಸಿಆರ್‌ಐ ಎಂಬ ಅಂಕಿಯನ್ನೂ ನೋಡಿ; ಅದು ಬಣ್ಣಗಳನ್ನು ನೈಜವಾಗಿ ತೋರಿಸುವ ಗುಣದ ಅಳತೆ. 90ಕ್ಕಿಂತ ಹೆಚ್ಚಿದ್ದರೆ ಮರ, ಬಟ್ಟೆ, ಮನುಷ್ಯರ ಮುಖ ಎಲ್ಲವೂ ಜೀವಂತವಾಗಿ ಕಾಣುತ್ತವೆ.

ಮಗನ ಹಸಿರಿಗೆ ನಾನು ಸಂತೋಷದಿಂದ ಒಪ್ಪಿಗೆ ಕೊಡುತ್ತೇನೆ. ಬೆಳಕೇ ಬಾರದ ಚಿಕ್ಕ ಕೋಣೆಗೆ ಬಿಳಿ ಬಳಿದರೆ ಅದು ಮಂಕು ಬೂದಾಗುತ್ತದೆಯೇ ಹೊರತು ಬೆಳಗುವುದಿಲ್ಲ. ಕಡು ಬಣ್ಣದಲ್ಲಿ ಮೂಲೆಗಳ ಗೆರೆ ಕರಗಿ ಗೋಡೆ ಎಲ್ಲಿದೆ ಎಂಬುದೇ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಕಡು ಗೋಡೆಗಳು ಬೆಳಕನ್ನು ಹೀರುತ್ತವೆ. ಬಣ್ಣ ತಯಾರಕರು ಕೊಡುವ ಎಲ್‌ಆರ್‌ವಿ ಅಂಕಿ 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ; ಹಸಿರಿನ ಅಂಕಿ 10ರ ಆಸುಪಾಸಿನಲ್ಲಿದ್ದರೆ ಬಿದ್ದ ಬೆಳಕಿನ ಹತ್ತನೆಯ ಒಂದು ಪಾಲು ಮಾತ್ರ ಮರಳುತ್ತದೆ ಎಂದರ್ಥ. ಚಾವಣಿಯ ನಡುವೆ ಒಂದೇ ದೀಪವಿದ್ದರೆ ಅಲ್ಲಿ ಸಾಲದು. ಓದುವ ಮೇಜಿಗೆ ಒಂದು, ಮಂಚದ ಬಳಿ ಒಂದು, ಗೋಡೆಯನ್ನೇ ಬೆಳಗುವ ಇನ್ನೊಂದು ಬೇಕು, ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚು ಬೇಕು. ಈ ಕೆಲಸ ತಂತಿ ಎಳೆಯುವ ಮೊದಲೇ ತೀರ್ಮಾನವಾಗಬೇಕಾದ್ದರಿಂದ ಹಸಿರಿನ ಮಾತನ್ನು ವಿನ್ಯಾಸಕರಿಗೆ ಈಗಲೇ ಹೇಳಿ.


ಉತ್ತರ
ಬರೆದವರು: ಹಿತ್ತಿಲ ಬಾಗಿಲು

ವಿನ್ಯಾಸಕರು ರೂಪಿಸಿದ ಮನೆಯಲ್ಲಿ ಬಹುಕಾಲದಿಂದ ವಾಸವಿರುವವನಾಗಿ ಮರಗೆಲಸದವರ ಮಾತಿಗೆ ಒಂದು ತಿದ್ದುಪಡಿ ಸೂಚಿಸುತ್ತೇನೆ. ಗೋಡೆಗೆ ಸೇರುವುದೆಲ್ಲ ಮಾಡಿಸತಕ್ಕದ್ದು ಎಂಬುದು ದೊಡ್ಡವರ ಕೋಣೆಗೆ ಸರಿ. ಮಗನ ಕೋಣೆಯಲ್ಲಿ ಮಾತ್ರ ಮಂಚ, ಮೇಜುಗಳನ್ನು ಗೋಡೆಗೆ ಕಟ್ಟಿಬಿಡಬೇಡಿ. ಮಕ್ಕಳು ಬೆಳೆಯುವ ವೇಗಕ್ಕೆ ಹೊಂದುವುದು ಸರಿಸಬಹುದಾದ ಪೀಠೋಪಕರಣವೇ. ಹಲಗೆಗಳ ಎತ್ತರವನ್ನು ಬದಲಿಸಲು ಬರುವ ಕಪಾಟು ಒಂದಿದ್ದರೆ ಸಾಕು. ವಯಸ್ಸಾದವರು ಮುಂದೆ ಜೊತೆಗಿರುವ ಸಾಧ್ಯತೆಯಿದ್ದರೆ, ಬಾಗಿಲು ತೆರೆದಾಗ ಕನಿಷ್ಠ 80 ಸೆಂಟಿಮೀಟರ್ ದಾರಿಯೂ, ಗಾಲಿಕುರ್ಚಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗವೂ ಸಿಗುವಂತೆ ಈಗಲೇ ನಕ್ಷೆಯಲ್ಲಿ ಪರಿಶೀಲಿಸಿಕೊಳ್ಳಿ.


ಉತ್ತರ
ಬರೆದವರು: ಅಳತೆಪಟ್ಟಿ

ಮಕ್ಕಳ ಕೋಣೆಯ ಬಗ್ಗೆ ಬಂದ ತಿದ್ದುಪಡಿಯನ್ನು ನಾನೂ ಒಪ್ಪುತ್ತೇನೆ. ಬಿಳಿಗೋಡೆಯವರೇ, ಮುಂದಿನ ಭೇಟಿಯಲ್ಲಿ ಇಬ್ಬರು ಅಡುಗೆ ಮಾಡುವ ವಿಷಯವನ್ನೂ ಹಸಿರಿನ ವಿಷಯವನ್ನೂ ಮೊದಲು ಹೇಳಿ. ಎರಡೂ ನಕ್ಷೆಯನ್ನು ಬದಲಿಸುವಂಥವು. ಬಳಿಕ ಸ್ವಿಚ್ಚುಗಳ ಹಾಳೆಯನ್ನು ಹಿಡಿದು, ಸಂಜೆ ಮನೆಗೆ ಬಂದಲ್ಲಿಂದ ಮಲಗುವವರೆಗಿನ ನಿಮ್ಮ ನಡಿಗೆಯನ್ನು ವಿನ್ಯಾಸಕರ ಜೊತೆಗೇ ಒಮ್ಮೆ ನಡೆದು ನೋಡಿ: ಕತ್ತಲೆಯಲ್ಲಿ ಎರಡು ಹೆಜ್ಜೆ ಇಡಬೇಕಾದ ಜಾಗ ಎಲ್ಲಿದೆಯೋ ಅಲ್ಲಿ ಒಂದು ಸ್ವಿಚ್ಚು ತಪ್ಪಿಹೋಗಿದೆ ಎಂದೇ ತಿಳಿಯಿರಿ. ಆ ಹಾಳೆಗೆ ಸಹಿ ಬಿದ್ದ ಮೇಲೆ ಬಟ್ಟೆಯ ಮಾದರಿಗಳನ್ನೂ ಬಣ್ಣದ ರಟ್ಟುಗಳನ್ನೂ ತರಲು ಹೇಳಬಹುದು.