ಗ್ಲ್ಯಾಂಡ್ ನಟ್ಟನ್ನು ಇನ್ನು ಬಿಗಿಯುವುದು ಬೇಡ

ತುಮರಿ ಚಿಕ್ಕಪ್ಪ: ಎಲ್ಲರಿಗೂ ನಮಸ್ಕಾರ. ಹತ್ತು ದಿನ ಯಾರೂ ಹತ್ತದೆ ನಿಂತಿದ್ದ ನಮ್ಮ ದೋಣಿಯ ತಳದ ಹಲಗೆಯನ್ನು ಇಂದು ಎತ್ತಿ ನೋಡಿದಾಗ ಮೂರು ಬಕೆಟ್ ನೀರು ತುಂಬಿತ್ತು. ಪ್ರೊಪೆಲರ್ ತಿರುಗಿಸುವ ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿ, ಅದರ ಸುತ್ತ ಹಗ್ಗ ಸುತ್ತಿ ನಟ್ಟಿನಿಂದ ಬಿಗಿದು ನೀರು ತಡೆಯುವ ಗ್ಲ್ಯಾಂಡಿನಿಂದಲೇ ಅದು ಬರುತ್ತಿದೆ. ನಟ್ಟನ್ನು ಇನ್ನು ಅರ್ಧ ಸುತ್ತು ಬಿಗಿದರೆ ಈ ವರ್ಷ ಕಳೆಯುತ್ತದೆಂದು ನನ್ನ ಅಭಿಪ್ರಾಯ. ದೋಣಿ ನಾಲ್ಕೂ ಮನೆಗೆ ಸೇರಿದ್ದಾದ್ದರಿಂದ ಕೇಳಿಯೇ ಮಾಡೋಣವೆಂದು ಬರೆದಿದ್ದೇನೆ.

ಶಿವಮೊಗ್ಗ ಅಣ್ಣ: ಚಿಕ್ಕಪ್ಪ, ಈ ಹಗ್ಗ ಸುತ್ತುವ ಪದ್ಧತಿಯನ್ನೇ ಬಿಟ್ಟು ಮೆಕ್ಯಾನಿಕಲ್ ಸೀಲ್ ಹಾಕಿಸೋಣ. ಅದರಲ್ಲಿ ಒಂದು ಹನಿಯೂ ಸೋರುವುದಿಲ್ಲ. ಖರ್ಚಿನ ಅರ್ಧ ಭಾಗವನ್ನು ನಾನು ಕೊಡುತ್ತೇನೆ.

ನಾನು: ಚಿಕ್ಕಪ್ಪ, ದಯವಿಟ್ಟು ನಟ್ಟನ್ನು ಮುಟ್ಟಬೇಡಿ. ತೋಟದ ಹಳೆಯ ಪಂಪ್‌ಸೆಟ್ಟಿನ ಗ್ಲ್ಯಾಂಡಿನಂತೆಯೇ ಇದೂ ಒಂದಿಷ್ಟು ನೀರು ಕುಡಿದೇ ತಣ್ಣಗಿರುವ ವಸ್ತು. ಓಡುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಬೇಕು, ನಿಂತಾಗ ಬಹುತೇಕ ನಿಲ್ಲಬೇಕು. ಶಿವರಾತ್ರಿಗೆ ಬಂದಾಗ ಎಂಜಿನನ್ನು ಅರ್ಧ ಗಂಟೆ ಓಡಿಸಿ ಗ್ಲ್ಯಾಂಡಿನ ಮೇಲೆ ಕೈಯಿಟ್ಟರೆ ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು. ಅಂದರೆ ಆಗಲೇ ಅತಿಯಾಗಿ ಬಿಗಿದಿತ್ತು, ಆದರೂ ನಿಂತಾಗ ಸೆಕೆಂಡಿಗೊಂದು ಹನಿ ಬೀಳುತ್ತಿತ್ತು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಗಿಲು. ನಿಮ್ಮ ಮೂರು ಬಕೆಟ್‌ಗೆ ಲೆಕ್ಕ ಸರಿಹೋಗುತ್ತದೆ. ಬಿಗಿದಷ್ಟೂ ಹಗ್ಗ ಸುಟ್ಟು ಗಟ್ಟಿಯಾಗಿ ಶಾಫ್ಟನ್ನೇ ಕೊರೆಯುತ್ತದೆ. ಕಳೆದ ಮೇ ತಿಂಗಳಲ್ಲಿ ಹೊರಗಿನ ಎರಡು ಸುತ್ತು ಕಿತ್ತು ಹೊಸದು ಹಾಕಿದೆವಲ್ಲ, ಒಳಗಿನ ಹಳೆಯ ಸುತ್ತನ್ನು ಹಾಗೆಯೇ ಬಿಟ್ಟದ್ದು ನಮ್ಮ ತಪ್ಪು, ಮತ್ತು ಅಂದೇ ಶಾಫ್ಟಿನ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದನ್ನು ನಾನು ಕಂಡಿದ್ದೆ. ಅದನ್ನು ಆಗಲೇ ಹೇಳಬೇಕಿತ್ತು.

ಶಿವಮೊಗ್ಗ ಅಣ್ಣ: ಹಾಗಾದರೆ ನನ್ನ ಮಾತೇ ಸರಿಯಾಯಿತು. ಮೆಕ್ಯಾನಿಕಲ್ ಸೀಲಿನಲ್ಲಿ ಇಂಗಾಲದ ಬಳೆ ಉಕ್ಕಿನ ಬಳೆಗೆ ಒತ್ತಿ ನೀರು ತಡೆಯುತ್ತದೆಯೇ ಹೊರತು ಶಾಫ್ಟನ್ನು ಏನೂ ಉಜ್ಜುವುದಿಲ್ಲ, ಆದ್ದರಿಂದ ಗೀರಿನ ತೊಂದರೆಯೇ ಇಲ್ಲ.

ನಾನು: ಅಣ್ಣ, ಗೀರಿನ ವಿಷಯದಲ್ಲಿ ನೀನು ಹೇಳುವುದು ನಿಜ, ಉಕ್ಕಿನ ಬಳೆಯನ್ನು ಗೀರಿಲ್ಲದ ಜಾಗದಲ್ಲಿ ಕೂರಿಸಿದರಾಯಿತು. ಆದರೆ ಹಗ್ಗ ಹಾಳಾಗಲು ಕಾರಣವಾದದ್ದೇ ಆ ಸೀಲನ್ನೂ ಹಾಳುಮಾಡುತ್ತದೆ. ಶಿವರಾತ್ರಿಯಂದು ಎಂಜಿನಿಗೂ ಶಾಫ್ಟಿಗೂ ಜೋಡಣೆಯಾದ ಕಪ್ಲಿಂಗಿನ ಬೋಲ್ಟ್ ಸಡಿಲಿಸಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ನೋಡಿದೆ: ನಾಲ್ಕು ಅಂಗುಲದ ಕಪ್ಲಿಂಗಿಗೆ ಮೇಲಿನ ಅಂಚಿನ ಸಂದಿಗೂ ಕೆಳಗಿನ ಅಂಚಿನ ಸಂದಿಗೂ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ನಮ್ಮದರಲ್ಲಿ 0.4 ಇತ್ತು. ಅಂದರೆ ಎಂಜಿನೂ ಶಾಫ್ಟೂ ಒಂದೇ ಸಾಲಿನಲ್ಲಿಲ್ಲ. ಎಂಜಿನಿನ ಕೆಳಗಿನ ಮುಂದಿನ ರಬ್ಬರ್ ಕುಸಿದಿದೆ. ಮೇಲಾಗಿ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಮರದ ಬೊಡ್ಡೆಗೆ ಪ್ರೊಪೆಲರ್ ಎರಡು ಬಾರಿ ಬಡಿದದ್ದು ನಿಮಗೆಲ್ಲ ಗೊತ್ತು, ಶಾಫ್ಟ್ ಬಾಗಿರಲೂಬಹುದು. ಇನ್ನೊಂದು ಮಾತು, ಹಗ್ಗ ಕೆಡುವುದು ಹನಿಹನಿಯಾಗಿ, ನಮಗೆ ತಿಳಿಸಿಯೇ ಕೆಡುತ್ತದೆ. ಆ ಸೀಲಿನ ರಬ್ಬರ್ ಹರಿದರೆ ನೀರು ಒಮ್ಮೆಗೇ ನುಗ್ಗುತ್ತದೆ, ಮತ್ತು ದೋಣಿಯಲ್ಲಿ ಮಕ್ಕಳೂ ಇರುತ್ತಾರೆ.

ಸಾಗರದ ಅತ್ತಿಗೆ: 2025ರ ಜುಲೈನಲ್ಲಿ ಹಿನ್ನೀರು ದಾಟಲು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯೇ ತೆರೆಯಿತು. ಇನ್ನೂ ಈ ದೋಣಿಗೆ ಖರ್ಚು ಮಾಡಲೇಬೇಕೇ?

ತುಮರಿ ಚಿಕ್ಕಪ್ಪ: ನಡುಗಡ್ಡೆಯ ತೋಟಕ್ಕೆ ಸೇತುವೆಯಿಲ್ಲವಮ್ಮ. ಅಡಿಕೆಯ ಕೊನೆ ಕೊಯ್ದರೆ ಅದು ಈ ದಡಕ್ಕೆ ಬರಬೇಕಾದದ್ದು ದೋಣಿಯಲ್ಲೇ.

ನಾನು: ಅತ್ತಿಗೆ, ಖರ್ಚು ದೊಡ್ಡದಾಗುವುದಿಲ್ಲ, ಏಕೆಂದರೆ ಕ್ರೇನ್ ಬೇಕಾಗಿಲ್ಲ. ಲಿಂಗನಮಕ್ಕಿ ಜಲಾಶಯ 1,819 ಅಡಿ ಮಟ್ಟಕ್ಕೆ ತುಂಬಿದಾಗ ಹೊನ್ನೆಮರದ ಬುಡಕ್ಕೆ ಕಟ್ಟುವ ದೋಣಿ, ಏಪ್ರಿಲ್ ಕೊನೆಯ ಹೊತ್ತಿಗೆ ನೀರು ಇಳಿದು ತಾನಾಗಿಯೇ ಕೆಂಪು ಮಣ್ಣಿನ ಮೇಲೆ ಕೂರುತ್ತದೆ. ಆಗ ಕಪ್ಲಿಂಗ್ ಬಿಚ್ಚಿ ಶಾಫ್ಟನ್ನು ಹೊರಗೆಳೆದು ಸಾಗರದ ಲೇತಿನಲ್ಲಿ ತಿರುಗಿಸಿ ನೋಡಿದರೆ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ. ನೆಟ್ಟಗಿದ್ದರೆ ಗೀರಿನ ಜಾಗವನ್ನು ವೆಲ್ಡಿಂಗ್‌ನಿಂದ ತುಂಬಿಸದೆ, ಶಾಫ್ಟನ್ನೇ ಸ್ವಲ್ಪ ಮುಂದೆ ಸರಿಸಿ ಕೂರಿಸಿ, ನುಣುಪಾದ ಭಾಗ ಹಗ್ಗಕ್ಕೆ ಸಿಗುವಂತೆ ಮಾಡಬಹುದು. ಕಪ್ಲಿಂಗ್ ಬಳಿ ಒಂದು ಅಂಗುಲ ಜಾಗವಿದೆ, ಅಳೆದಿದ್ದೇನೆ. ಹಳೆಯ ಹಗ್ಗವನ್ನು ಕೊಕ್ಕೆ ಹಾಕಿ ಕೊನೆಯ ಚೂರಿನವರೆಗೂ ಕೀಳಬೇಕು. ಹೊಸದನ್ನು ಶಾಫ್ಟಿನಷ್ಟೇ ದಪ್ಪದ ಸರಳಿಗೆ ಸುತ್ತಿ ಓರೆಯಾಗಿ ಕತ್ತರಿಸಿ, ಮೂರು ಬಳೆಗಳ ಕೀಲು ಒಂದರ ಮೇಲೊಂದು ಬಾರದಂತೆ ಗ್ರೀಸ್ ಹಚ್ಚಿ ಕೂರಿಸಬೇಕು. ಸ್ಪ್ಯಾನರ್ ಆಮೇಲಿನ ಮಾತು, ಮೊದಲಿಗೆ ಕೈಬಿಗಿ ಸಾಕು. ಎಂಜಿನನ್ನು ಮಾತ್ರ ಒಣನೆಲದಲ್ಲಿ ಸಾಲಿಗೆ ತರಬಾರದು; ದೋಣಿ ನೀರಿಗಿಳಿದ ಮೇಲೆ ತಳ ತುಸು ಬದಲಾಗುವುದರಿಂದ, ಜೂನ್‌ನಲ್ಲಿ ತೇಲಿದ ಎರಡು ದಿನದ ನಂತರ ಹೊಸ ರಬ್ಬರ್ ಹಾಕಿ ಗೇಜ್ ಹಿಡಿಯೋಣ.

ಶಿವಮೊಗ್ಗ ಅಣ್ಣ: ಶಾಫ್ಟ್ ಬಾಗಿದ್ದರೆ?

ನಾನು: ಬಾಗಿದ್ದರೆ ಹೊಸ ಶಾಫ್ಟ್ ಹಾಕಲೇಬೇಕು. ನೀನು ಸೀಲಿಗೆಂದು ಕೊಡಲು ಒಪ್ಪಿದ ಹಣವನ್ನು ಅದಕ್ಕೆ ಇಟ್ಟುಕೋ.

ಶಿವಮೊಗ್ಗ ಅಣ್ಣ: ಒಪ್ಪಿದೆ. ಮೇ ಮೊದಲ ವಾರ ರಜೆ ಹಾಕಿ ಬರುತ್ತೇನೆ. ಹಗ್ಗದ ದಪ್ಪ ಎಷ್ಟೆಂದು ಬರೆದು ಕಳುಹಿಸು, ಇಲ್ಲಿಂದಲೇ ತರುತ್ತೇನೆ.

ನಾನು: ಆರು ಮಿ.ಮೀ., ಚೌಕದ್ದು. ಒಂದು ಮೀಟರ್ ತಾ.

ತುಮರಿ ಚಿಕ್ಕಪ್ಪ: ಸರಿ, ನಟ್ಟನ್ನು ಮುಟ್ಟುವುದಿಲ್ಲ. ಅಲ್ಲಿಯವರೆಗೆ ದಿನ ಬಿಟ್ಟು ದಿನ ಬೆಳಿಗ್ಗೆ ಹೋಗಿ ನೀರು ಮೊಗೆದು, ಎಷ್ಟು ಬಂತೆಂದು ಇಲ್ಲಿಯೇ ಬರೆಯುತ್ತೇನೆ.