ಕೆಂಪು ಕುಬ್ಜದ ಗ್ರಹ: ಆಕಾಶ, ಗಿಡ ಎರಡೂ ನಂಬುವ ಹಾಗಿಲ್ಲ, ಎಲ್ಲಿ ತಪ್ಪಿದೆ?

ಹೊಸಕಥೆಗಾರ:
ನಮಸ್ಕಾರ. ಕಥೆಗೆಂದು ಒಂದು ಗ್ರಹ ಕಟ್ಟುತ್ತಿದ್ದೇನೆ. ನಮ್ಮ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯಂಥ ಕೆಂಪು ಕುಬ್ಜ (ಸೂರ್ಯನಿಗಿಂತ ಚಿಕ್ಕ, ತಣ್ಣಗಿನ ನಕ್ಷತ್ರ), ಅದಕ್ಕೆ ತೀರಾ ಹತ್ತಿರದಲ್ಲಿ 11 ದಿನಕ್ಕೊಂದು ಸುತ್ತು ಹಾಕುವ ಗ್ರಹ. ಓದಿದ ಗೆಳತಿ "ಫೋಟೊಗೆ ಕೆಂಪು ಫಿಲ್ಟರ್ ಹಾಕಿದ ಹಾಗಿದೆ" ಅಂದಳು. ಒಂದು ತುಣುಕು:

"ಸಂಜೆಯಾಯಿತು. ರಕ್ತಗೆಂಪು ಆಕಾಶದಲ್ಲಿ ಸೂರ್ಯ ಬೆಟ್ಟದ ಹಿಂದೆ ಇಳಿದ. ನೇರಳೆ ಕಾಡು ಕಪ್ಪಾಯಿತು."

ಧೂಮಕೇತು42:
ಮೊದಲ ಪದದಲ್ಲೇ ಎಡವಿದ್ದೀರಿ. ಸಂಜೆ ಎಲ್ಲಿಂದ ಬಂತು? ಅಷ್ಟು ಹತ್ತಿರವಿರುವ ಗ್ರಹ ನಕ್ಷತ್ರಕ್ಕೆ ಸದಾ ಒಂದೇ ಮುಖ ತೋರಿಸುವ ಸಾಧ್ಯತೆ ಜಾಸ್ತಿ, ಚಂದ್ರ ನಮಗೆ ತೋರಿಸುವ ಹಾಗೆ. ಸೂರ್ಯ ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತಾನೆ. ನಮಗೆ ಕಾಣುವ ಸೂರ್ಯನಿಗಿಂತ ಸುಮಾರು ಮೂರು ಪಟ್ಟು ಅಗಲವಾಗಿ.

ಹೊಸಕಥೆಗಾರ:
ಅಯ್ಯೋ, ಸಂಜೆ ಹೋದರೆ ಅರ್ಧ ಕಥೆ ಹೋಯಿತು! ಬಣ್ಣವಾದರೂ ಸರಿ ಇದೆಯಾ?

ಬೆಳಕುಹುಚ್ಚ:
ಅದೂ ಇಲ್ಲ, ಬೇಜಾರಾಗಬೇಡಿ. ಪ್ರಾಕ್ಸಿಮಾದ ಮೇಲ್ಮೈ ಸುಮಾರು 3000 ಕೆಲ್ವಿನ್. ಹಳೇ ಬಲ್ಬಿನೊಳಗಿನ ಉರಿಯುವ ತಂತಿಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಆ ಬಲ್ಬಿನ ಕೆಳಗೆ ಕೂತು ಓದಿದಾಗ ಹಾಳೆ ರಕ್ತಗೆಂಪಾಗಿ ಕಂಡಿತ್ತಾ? ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ.

ಆಕಾಶದ್ದು ಒರಟು ಲೆಕ್ಕ ಹೇಳುತ್ತೇನೆ. ನಮ್ಮಂಥ ತಿಳಿ ಗಾಳಿ ಇದ್ದರೆ ಅದು ನೀಲಿಯನ್ನು ಕಿತ್ತಳೆಗಿಂತ ಸುಮಾರು 3 ಪಟ್ಟು ಜಾಸ್ತಿ ಚದುರಿಸುತ್ತದೆ. ಆದರೆ ಆ ನಕ್ಷತ್ರ ಕೊಡುವ ನೀಲಿಯೇ ಕಿತ್ತಳೆಯ ಮೂರನೇ ಒಂದು ಪಾಲಿನಷ್ಟು. ಅದಕ್ಕಿದು ವಜಾ ಆಯಿತು. ಆಕಾಶ ಬಿಳಿಚಿಕೊಂಡಿರುತ್ತದೆ. ಕೆಂಪೇ ಬೇಕು ಅಂತ ಹಟವಿದ್ದರೆ ಗಾಳಿಗೆ ದೂಳೋ ಮಬ್ಬೋ ಸೇರಿಸಿ. ಶನಿಯ ಚಂದ್ರ ಟೈಟನ್‌ನಲ್ಲಿ ಮಬ್ಬಿನಿಂದಲೇ ಆಕಾಶ ಕಿತ್ತಳೆ. ಮಂಗಳದ ದೂಳಂತೂ ತಮಾಷೆ: ಹಗಲು ಕಂದು, ಮುಳುಗುವ ಸೂರ್ಯನ ಸುತ್ತ ನೀಲಿ!

ಎಲೆಮರೆ:
ಗಿಡದ ವಿಷಯ ನನಗೆ ಬಿಡಿ. ನೇರಳೆ ಸುಮ್ನೆ ಚೆಂದಕ್ಕೆ ಹಾಕಿದ್ದು, ಅಲ್ವಾ? ಅಲ್ಲಿ ಕಣ್ಣಿಗೆ ಕಾಣುವ ಬೆಳಕೇ ಕಡಿಮೆ, ಹೆಚ್ಚಿನದು ಅವಕೆಂಪು. ಸಿಕ್ಕಿದ್ದನ್ನೆಲ್ಲ ನುಂಗುವ ಎಲೆ ಕಪ್ಪಗಿರುತ್ತದೆ ಅನ್ನುವುದು ಹೆಚ್ಚು ಒಪ್ಪುವ ಊಹೆ. ಕೆಂಪಿನಾಚೆಯ ಬೆಳಕಲ್ಲಿ ಬದುಕುವುದು ಭೂಮಿಗೂ ಹೊಸದಲ್ಲ. 2010ರಲ್ಲಿ ಆಸ್ಟ್ರೇಲಿಯಾದ ಶಾರ್ಕ್ ಬೇಯ ಸೂಕ್ಷ್ಮಜೀವಿಗಳಲ್ಲಿ ಸಿಕ್ಕ ಕ್ಲೋರೊಫಿಲ್ ಎಫ್ (ಎಲೆಯ ಹಸಿರಿನಂತೆ ಬೆಳಕು ಹೀರುವ ವಸ್ತು) ಹೀರುವುದು ಅಂಥ ಬೆಳಕನ್ನೇ.

ಆದರೆ ನನ್ನ ಕೇಳಿದರೆ ಬಣ್ಣ ದೊಡ್ಡ ವಿಷಯವೇ ಅಲ್ಲ, ನೆರಳು ದೊಡ್ಡದು. ಸೂರ್ಯ ಅಲುಗದಿದ್ದರೆ ನೆರಳೂ ಅಲುಗುವುದಿಲ್ಲ. ಒಂದು ಬಂಡೆಯ ಹಿಂದೆ ಬಿದ್ದ ಬೀಜಕ್ಕೆ ಎಂದೂ ನೇರ ಬಿಸಿಲಿಲ್ಲ. ನಮ್ಮ ಗಿಡಗಳಿಗೆ ಬೆಳಗ್ಗೆ ತಪ್ಪಿದ ಬಿಸಿಲು ಮಧ್ಯಾಹ್ನವಾದರೂ ಸಿಕ್ಕೀತು, ಅಲ್ಲಿ ಆ ಆಸೆಯೂ ಇಲ್ಲ. ನಿಮ್ಮ ಕಥೆ ನಡೆಯುವುದು ಹಗಲು-ಕತ್ತಲಿನ ಗಡಿಯಲ್ಲಾದರೆ ಬೆಳಕು ಅಡ್ಡಡ್ಡ ಬರುತ್ತದೆ. ಎಲೆಗಳು ಚಪ್ಪಟೆ ಮಲಗುವ ಬದಲು ಗೋಡೆಯಂತೆ ಎದ್ದು ನಿಲ್ಲಬೇಕು, ಎಲ್ಲವೂ ಒಂದೇ ದಿಕ್ಕಿಗೆ. ಕಾಡಿನಲ್ಲಿ ದಾರಿ ತಪ್ಪಿದವನಿಗೆ ದಿಕ್ಸೂಚಿಯೇ ಬೇಡ. ಮುಂದಿನ ಮರ ಬಿದ್ದರೆ ಹಿಂದಿನ ಸಾಲಿಗೆ ಹಬ್ಬ.

ಹೊಸಕಥೆಗಾರ:
ಇದು ನನಗೆ ಹೊಳೆದೇ ಇರಲಿಲ್ಲ! ಪ್ರಾಕ್ಸಿಮಾ ಆಗಾಗ ಸಿಡಿಯುತ್ತದಂತಲ್ಲ, ಗಿಡಗಳು ಸುಟ್ಟುಹೋಗುವುದಿಲ್ವಾ?

ಧೂಮಕೇತು42:
ಸಿಡಿಯುತ್ತದೆ, ನೇರಳಾತೀತ ಕಿರಣ ಸುರಿಯುತ್ತದೆ. ಎಲೆ ಮಡಚಿಕೊಳ್ಳಲಿ, ಇಲ್ಲವೇ ಗಿಡಗಳನ್ನು ನೀರಿನೊಳಗೆ ಇಳಿಸಿ.

ಹೊಸಕಥೆಗಾರ:
ತಿದ್ದಿದೆ, ನೋಡಿ:

"ಸೂರ್ಯ ಬೆಟ್ಟದ ತುದಿಯಲ್ಲಿ ಎಂದಿನಂತೆ ಕೂತಿದ್ದ. ಕಪ್ಪು ಎಲೆಗಳೆಲ್ಲ ಅವನ ಕಡೆಗೆ ನಿಂತಿದ್ದವು. ಬಂಡೆಯ ಹಿಂದಿನ ಬರಿ ನೆಲಕ್ಕೆ ಅಜ್ಜಿ ಒಂದು ಹೆಸರಿಟ್ಟಿದ್ದಳು, ಯಾಕೆಂದರೆ ಆ ನೆರಳು ಅವಳಿಗಿಂತ ಹಳೆಯದು."

ಎಲೆಮರೆ:
ಅಜ್ಜಿ ಸಾಲು ಚೆನ್ನಾಗಿದೆ, ಮುಟ್ಟಬೇಡಿ. ಉಳಿದ ಪುಟಗಳಲ್ಲಿ "ನಾಳೆ ಬೆಳಗ್ಗೆ" ಅಂತ ಎಲ್ಲೆಲ್ಲಿದೆಯೋ ಹುಡುಕಿ ತೆಗೆಯಿರಿ.

ಹೊಸಕಥೆಗಾರ:
ಹುಡುಕಿದೆ. ಹದಿನಾಲ್ಕು ಕಡೆ ಇದೆ.