ಕಾಡಿನ ಚಿತ್ರದಲ್ಲಿ ಮನುಷ್ಯ ಅಂಟಿಸಿದ ಹಾಗೆ ಕಾಣ್ತಾನೆ, ಏನು ಮಾಡಲಿ?

ಜಲವರ್ಣದಲ್ಲಿ ಮಂಜು ಕವಿದ ಕಾಡು ಬರೆಯುತ್ತಿದ್ದೇನೆ. ಮರ, ಬಂಡೆ ಎಲ್ಲ ಪರವಾಗಿಲ್ಲ. ಆದರೆ ಹುಲ್ಲಿನ ನಡುವೆ ಬೆನ್ನು ಹಾಕಿ ನಿಂತವನು ಮಾತ್ರ ಪೇಪರಿನಿಂದ ಕತ್ತರಿಸಿ ಅಂಟಿಸಿದ ಹಾಗಿದ್ದಾನೆ. ಮೂರು ಹಾಳೆ ವೇಸ್ಟ್ ಆದವು. ನಿಮಗೂ ಹೀಗಾಗಿದೆಯಾ?

ಉತ್ತರ 1
ಇಡೀ ಆಕೃತಿಗೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಹಾಳೆಯನ್ನು ಮುಚ್ಚುವ, ಒಣಗಿದರೆ ರಬ್ಬರಿನಂತಾಗುವ ದ್ರವ) ಬಳಿದಿರಿ, ಅಲ್ವಾ? ನಾನೂ ಅದನ್ನೇ ಮಾಡುತ್ತಿದ್ದೆ. ರಬ್ಬರ್ ಕಿತ್ತಾಗ ಸುತ್ತಲೂ ಒಂದೇ ಥರದ ಚೂಪು ಅಂಚು ಉಳಿಯುತ್ತದೆ. ಕಣ್ಣಿಗೆ ಅದೇ ಕತ್ತರಿ ಗೆರೆ. ಈಗ ಬೆಳಕು ಬೀಳುವ ಕಡೆ ಮಾತ್ರ ಬಳಿಯುತ್ತೇನೆ, ಟೊಪ್ಪಿಯ ಮೇಲ್ಭಾಗ, ಒಂದು ಭುಜ, ಅಷ್ಟೇ. ಇನ್ನೊಂದು ಭುಜ ಮಂಜಿನಲ್ಲಿ ಕರಗಲಿ ಬಿಡಿ.

ಕಾಲಿನ ವಿಷಯ ಇನ್ನೂ ಮುಖ್ಯ. ಹೋದ ಸಲ ಪ್ಯಾಂಟಿನ ಕಂದು ಹಸಿಯಿರುವಾಗಲೇ, ಒದ್ದೆ ಬ್ರಷ್ಷಿನ ತುದಿಯಿಂದ ಮೊಣಕಾಲಿನ ಕೆಳಗಿನ ಅಂಚನ್ನು ಹುಲ್ಲಿನೊಳಗೆ ಎಳೆದೆ. ಕಂದು ಮೆಲ್ಲಗೆ ಇಳಿದು ಹಸಿರಿಗೆ ಸೇರಿತು. ಪಾದ ಬರೆಯಲೇ ಇಲ್ಲ. ಆಸಾಮಿ ಗಟ್ಟಿಯಾಗಿ ನೆಲದ ಮೇಲೆ ನಿಂತ!

ಉತ್ತರ 2
ಬಣ್ಣವನ್ನೂ ನೋಡಿಕೊಳ್ಳಿ. ಕಾಡಿಗೆ ಒಂದು ಪ್ಯಾಲೆಟ್, ಮನುಷ್ಯನಿಗೆ ಇನ್ನೊಂದು ಅಂತ ಮಾಡಿದರೆ ಅವನು ಬೇರೆ ಚಿತ್ರದಿಂದ ಬಂದವನಾಗುತ್ತಾನೆ. ನಾನು ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬೆರೆಸಿ ಬರುವ ಬೂದು ಬಣ್ಣವನ್ನೇ ಮರದ ನೆರಳಿಗೂ ಅಂಗಿಯ ಮಡಿಕೆಗೂ ಹಾಕುತ್ತೇನೆ. ಕೂದಲಿಗೆ ಟ್ಯೂಬಿನ ಕಪ್ಪು ಬೇಡವೇ ಬೇಡ.

ಉತ್ತರ 3
ಅಳತೆ ತಪ್ಪಿದೆಯಾ ಅಂತಲೂ ನೋಡಿ. ಸಮತಟ್ಟು ನೆಲದಲ್ಲಿ ನಾವು ನಿಂತು ನೋಡುತ್ತಿದ್ದರೆ, ನಮ್ಮಷ್ಟೇ ಎತ್ತರದವನ ಕಣ್ಣು ಎಷ್ಟು ದೂರವಿದ್ದರೂ ದಿಗಂತದ ಗೆರೆಯ ಮೇಲೇ ಬರುತ್ತದೆ. ಇಳಿಜಾರಿಗೆ ಈ ಲೆಕ್ಕ ಹೊಂದುವುದಿಲ್ಲ.

ಉತ್ತರ 4
ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್ 1890ರ ದಶಕದಲ್ಲಿ ಅಲ್ಲಿನ ಅಡಿರಾಂಡ್ಯಾಕ್ ಕಾಡುಗಳಲ್ಲಿ ಮಾಡಿದ ಜಲವರ್ಣಗಳನ್ನು ಹುಡುಕಿ ನೋಡಿ. ಬೇಟೆಗಾರರು, ಮೀನು ಹಿಡಿಯುವವರು. ಬೆಳಕು ಬೇಕಾದ ಕಡೆ ಆತ ಬಣ್ಣವನ್ನು ಕೆರೆದು ಬಿಳಿ ತೆಗೆಯುತ್ತಿದ್ದ. ನಾನೂ ಬ್ಲೇಡಿನಿಂದ ಪ್ರಯತ್ನಿಸಿದೆ. ಹಾಳೆ ಇನ್ನೂ ತೇವವಿತ್ತು, ಹತ್ತಿಯ ಹಾಗೆ ನಾರು ಎದ್ದು ನಿಂತಿತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ಬೇಕು, ಪೂರ್ತಿ ಒಣಗಿರಬೇಕು.

ಇನ್ನೊಂದು, ಕಾಡಿಗೆ ಥ್ಯಾಲೋ ಗ್ರೀನ್ ಜಾಸ್ತಿ ಬಳಸಿದ್ದರೆ ಆಮೇಲೆ ಒರೆಸಿ ತೆಗೆಯುವ ಆಸೆ ಬಿಡಿ. ಅದು ಕಾಗದಕ್ಕೆ ಹಿಡಿದುಬಿಡುತ್ತದೆ. ಅಲ್ಟ್ರಾಮರೀನ್ ಆದರೆ ಸ್ವಲ್ಪ ಮಟ್ಟಿಗೆ ಎದ್ದು ಬರುತ್ತದೆ.

ಪ್ರಶ್ನೆ ಕೇಳಿದವರು
ನಾಲ್ಕನೇ ಹಾಳೆ ಮುಗಿಸಿದೆ. ಬಲ ಭುಜ ಮಂಜಿಗೆ ಬಿಟ್ಟೆ, ಕಾಲು ಹುಲ್ಲಿಗೆ ಬಿಟ್ಟೆ. ಈಗ ಅಲ್ಲೇ ಇರುವವನ ಹಾಗೆ ಕಾಣುತ್ತಾನೆ. ಆದರೆ ಬೆರಳುಗಳು ಮಾತ್ರ ಬೇರಿನ ಹಾಗಿವೆ.

ಉತ್ತರ 1
ಕೈ ಜೇಬಿಗೆ ಹಾಕಿಸಿಬಿಡಿ. ನಾನು ಯಾವಾಗಲೂ ಹಾಗೇ ಮಾಡೋದು.